ಗಾಡಿಗೆ ಪಿಕಪ್ ಇಲ್ಲ, ಟರ್ಬೊ ಬದಲಿಸಲೇಬೇಕಾ?

ಪ್ರಶ್ನೆ: ನಮ್ಮದು ಏಳು ಸೀಟಿನ ಡೀಸೆಲ್ ಗಾಡಿ. ಮನೆಮಂದಿಯೆಲ್ಲ ಕೂತರೂ ಶಿರಾಡಿ ಘಾಟಿಯನ್ನು ಸಲೀಸಾಗಿ ಹತ್ತುತ್ತಿತ್ತು. ಈಗ ಎರಡನೇ ಗೇರ್ ಬಿಟ್ಟರೆ ಎಳೆಯುವುದೇ ಇಲ್ಲ. ಗ್ಯಾರೇಜಿನವರು ಸ್ಕ್ಯಾನ್ ಮಾಡಿ, "ಪಿ0299 ಬಂದಿದೆ, ಟರ್ಬೊ ಹೋಗಿದೆ" ಅಂದರು. ಬದಲಿಸಲೇಬೇಕಾ?

ಉತ್ತರ: ಸದ್ಯಕ್ಕೆ ಬೇಡ. ಗಾಡಿಯ ಕಂಪ್ಯೂಟರ್ ಕೇಳಿದಷ್ಟು ಗಾಳಿಯ ಒತ್ತಡ ಇಂಜಿನ್‌ಗೆ ಸಿಗುತ್ತಿಲ್ಲ ಅಂತ ಪಿ0299 ಅನ್ನುವ ದೋಷದ ಕೋಡ್ ಹೇಳುತ್ತದೆ, ಅಷ್ಟೇ. ಯಾಕೆ ಸಿಗುತ್ತಿಲ್ಲ ಅಂತ ಅದಕ್ಕೂ ಗೊತ್ತಿಲ್ಲ. ಟರ್ಬೊ ಅಂದರೆ ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಪಂಪ್. ಅಲ್ಲಿಂದ ಹೊರಟ ಗಾಳಿ, ಅದನ್ನು ತಣ್ಣಗೆ ಮಾಡುವ ಇಂಟರ್‌ಕೂಲರ್ ದಾಟಿ ಇಂಜಿನ್ ಸೇರುವಷ್ಟರಲ್ಲಿ ಸೋರಿ ಹೋಗಲು ಬೇಕಾದಷ್ಟು ಜಾಗ ಇದೆ. ಪೈಪ್ ಹರಿದಿರುವಾಗ ಟರ್ಬೊ ಬದಲಿಸುವುದು, ಪಂಕ್ಚರ್ ಆದ ಟ್ಯೂಬ್‌ಗೆ ಹೊಸ ಪಂಪ್ ತಂದ ಹಾಗೆ.

ಹಾಗಾಗಿ ಮೊದಲು ಪೈಪ್ ನೋಡಿಸಿ. ಇಂಟರ್‌ಕೂಲರ್‌ನ ಎರಡೂ ಕಡೆ ದಪ್ಪ ರಬ್ಬರ್ ಹೋಸ್ ಇರುತ್ತವೆ. ಬಿಸಿಗೆ, ಎಣ್ಣೆಗೆ ಅವು ಮೆತ್ತಗಾಗಿ ಸೀಳುತ್ತವೆ. ಸೀಳು ಹೆಚ್ಚಾಗಿ ಅಡಿಭಾಗದಲ್ಲಿ, ಕ್ಲಾಂಪ್ ಹತ್ತಿರ. ಬಾನೆಟ್ ಎತ್ತಿ ಮೇಲಿಂದ ನೋಡಿದರೆ ಏನೂ ಕಾಣುವುದಿಲ್ಲ. ಇಂಜಿನ್ ಆರಿಸಿ, ತಣ್ಣಗಾದ ಮೇಲೆ ಹೋಸ್‌ನ ಕೆಳಗೆ ಬೆರಳು ಆಡಿಸಿ. ಒಂದೇ ಕಡೆ ಎಣ್ಣೆ ಜಿಡ್ಡು, ಅದರ ಮೇಲೆ ಧೂಳು ಮೆತ್ತಿದ್ದರೆ ಅಲ್ಲೇ ಗಾಳಿ ಸೋರುತ್ತಿದೆ ಅಂತ ಅನುಮಾನಿಸಿ. ಗಾಡಿ ನಿಂತಿದ್ದಾಗ ಈ ಸೀಳು ಮುಚ್ಚಿಕೊಂಡೇ ಇರುತ್ತದೆ, ಲೋಡ್ ಬಿದ್ದಾಗ ಬಾಯಿ ಬಿಡುತ್ತದೆ. ರೇಸ್ ಕೊಟ್ಟಾಗ 'ಸುಯ್' ಅನ್ನುವ ಸದ್ದು ಜೋರಾಗಿದೆಯಾ? ಅದೂ ಒಂದು ಸುಳಿವು. ಸ್ಮೋಕ್ ಟೆಸ್ಟ್ (ಪೈಪ್ ಒಳಗೆ ಹೊಗೆ ಬಿಟ್ಟು ಎಲ್ಲಿ ಸೋರುತ್ತದೆ ಅಂತ ನೋಡುವುದು) ಮಾಡುವ ಗ್ಯಾರೇಜ್ ಸಿಕ್ಕರೆ ಅನುಮಾನ ಬಹುಪಾಲು ತೀರುತ್ತದೆ.

ಹಳೇ ಡೀಸೆಲ್ ಗಾಡಿಯಾದರೆ ಹೀಗೆ ಗಾಳಿ ಕಮ್ಮಿಯಾದಾಗ ಹಿಂದೆ ಕಪ್ಪು ಹೊಗೆ ಬರುತ್ತದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಅಂದರೆ ಡಿಪಿಎಫ್, ಇರುವುದರಿಂದ ಹೊಗೆ ಕಾಣುವುದಿಲ್ಲ. ಮಸಿಯೆಲ್ಲ ಆ ಫಿಲ್ಟರಿನಲ್ಲೇ ತುಂಬಿಕೊಳ್ಳುತ್ತದೆ. ಆಮೇಲೆ ಡಿಪಿಎಫ್ ದೀಪ ಹತ್ತುತ್ತದೆ, ಗಾಡಿ ಇನ್ನೂ ಮಂಕಾಗುತ್ತದೆ, ನಾವು ಡಿಪಿಎಫ್ ಹಿಂದೆ ಬೀಳುತ್ತೇವೆ. ಹೋಸ್ ಮಾತ್ರ ಹರಿದೇ ಇರುತ್ತದೆ! ಹಾಗಂತ ಪೇಟೆಯೊಳಗೆ ಬರೀ ಮೂರು ನಾಲ್ಕು ಕಿಲೋಮೀಟರ್ ಓಡುವ ಗಾಡಿಯಲ್ಲಿ ಡಿಪಿಎಫ್ ತಾನಾಗಿಯೂ ಕಟ್ಟಿಕೊಳ್ಳುತ್ತದೆ. ಒಳಗಿನ ಮಸಿ ಸುಡಲು ಸುಮಾರು 600 ಡಿಗ್ರಿ ಬಿಸಿ ಬೇಕು, ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳಿದರೆ ಅದು ಸಿಗುವುದಿಲ್ಲ. ದೀಪ ಬಂದ ಕೂಡಲೇ ಹೈವೇಯಲ್ಲಿ ಒಂದೇ ವೇಗದಲ್ಲಿ ಓಡಿಸಿ. ಎಷ್ಟು ಹೊತ್ತು, ಎಷ್ಟು ವೇಗ ಅಂತ ಗಾಡಿಯ ಮ್ಯಾನುಯಲ್‌ನಲ್ಲಿ ಇರುತ್ತದೆ. ಡಿಪಿಎಫ್ ಕಿತ್ತು ಬಿಸಾಕಿ ಅನ್ನುವವರ ಮಾತು ಕೇಳಬೇಡಿ.

ಹೋಸ್ ಸರಿ ಇದ್ದರೆ ಟರ್ಬೊದ ಒತ್ತಡ ಹೆಚ್ಚು ಕಮ್ಮಿ ಮಾಡುವ ಆಕ್ಟುವೇಟರ್ ಕಡೆ ನೋಡಿ. ಸುಮಾರು ಡೀಸೆಲ್ ಗಾಡಿಗಳಲ್ಲಿ ಅದನ್ನು ಎಳೆಯುವುದು ವ್ಯಾಕ್ಯೂಮ್, ಅಂದರೆ ಗಾಳಿ ಹೀರಿದಾಗಿನ ಸೆಳೆತ. ಅದರ ಸಣ್ಣ ರಬ್ಬರ್ ಪೈಪ್ ಅಂದರೆ ಇಲಿಗಳಿಗೆ ಬಲು ಇಷ್ಟ. ಇಂತಹ ಗಾಡಿಯಲ್ಲಿ ಇಂಜಿನ್ ಸ್ಟಾರ್ಟ್ ಮಾಡುವಾಗ ಆಕ್ಟುವೇಟರ್ ಕಡ್ಡಿ ಸರಿಯಬೇಕು, ಆಫ್ ಮಾಡಿದಾಗ ಮರಳಬೇಕು. ಅಲ್ಲಾಡದಿದ್ದರೆ ಪೈಪ್ ತೂತಾಗಿರಬಹುದು, ಇಲ್ಲವೇ ಮಸಿ ಕಟ್ಟಿ, ಆ ಕಡ್ಡಿ ತಿರುಗಿಸುವ ಟರ್ಬೊ ಒಳಗಿನ ರೆಕ್ಕೆಗಳು ಹಿಡಿದುಕೊಂಡಿರಬಹುದು. ರೆಕ್ಕೆ ಹಿಡಿದಿದ್ದರೂ ಬಿಚ್ಚಿ ಕ್ಲೀನ್ ಮಾಡಿದರೆ ಸರಿಹೋಗುವುದುಂಟು.

ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಸುಮ್ನೆ ಬದಲಿಸಿಬಿಡಿ, ದೊಡ್ಡ ಖರ್ಚಲ್ಲ. ಕ್ಲಚ್ ಅನುಮಾನ ಇದ್ದರೆ ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರ್‌ನಲ್ಲಿ ಪೂರ್ತಿ ಒತ್ತಿ ನೋಡಿ. ಆರ್‌ಪಿಎಂ ಮುಳ್ಳು ಜಿಗಿದು ವೇಗ ಏರದಿದ್ದರೆ ತಪ್ಪು ಟರ್ಬೊದ್ದಲ್ಲ, ಕ್ಲಚ್‌ನದು.

ಸ್ಕ್ಯಾನರ್ ಹಾಕಿದವರು ಕೋಡ್ ಓದಿ ಮುಚ್ಚಿಬಿಡುತ್ತಾರೆ, ಅದೇ ನನಗೆ ಬೇಜಾರು. ಲೈವ್ ಡೇಟಾ, ಅಂದರೆ ಸೆನ್ಸರ್‌ಗಳು ಆ ಕ್ಷಣಕ್ಕೆ ಕೊಡುವ ಅಂಕಿ, ನೋಡಿಸಿ. ಕೀ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡದೆ ಮ್ಯಾನಿಫೋಲ್ಡ್ (ಇಂಜಿನ್‌ಗೆ ಗಾಳಿ ಹೋಗುವ ಕೊಳವೆ) ಒತ್ತಡ ನೋಡಿದರೆ ಹೊರಗಿನ ಗಾಳಿಯಷ್ಟೇ, ಅಂದರೆ ಮಂಗಳೂರಿನಲ್ಲಿ 101 ಕಿಲೋಪಾಸ್ಕಲ್ ಹತ್ತಿರ, ಎತ್ತರದ ಬೆಂಗಳೂರಿನಲ್ಲಿ 91ರ ಆಸುಪಾಸು ತೋರಿಸಬೇಕು. ತೀರಾ ಬೇರೆ ಬಂದರೆ ಸೆನ್ಸರ್ ಮೇಲೇ ಅನುಮಾನ. ಆಮೇಲೆ ಇನ್ನೊಬ್ಬರು ಓಡಿಸಲಿ, ನೀವು ಪಕ್ಕದಲ್ಲಿ ಕೂತು ಎರಡು ಅಂಕಿ ನೋಡಿ: ಕಂಪ್ಯೂಟರ್ ಕೇಳಿದ ಬೂಸ್ಟ್ (ಟರ್ಬೊ ಕೊಡುವ ಒತ್ತಡ), ನಿಜಕ್ಕೂ ಸಿಕ್ಕ ಬೂಸ್ಟ್. ಜಾಸ್ತಿ ಕೇಳಿ ಕಮ್ಮಿ ಸಿಕ್ಕರೆ ಸೋರಿಕೆ, ಆಕ್ಟುವೇಟರ್ ಅಥವಾ ಟರ್ಬೊ. ಕೇಳುವುದೇ ಕಮ್ಮಿಯಾಗಿದ್ದರೆ ಬೇರೆ ಯಾವುದೋ ದೋಷಕ್ಕೆ ಹೆದರಿ ಕಂಪ್ಯೂಟರೇ ಇಂಜಿನ್‌ಗೆ ಕಡಿವಾಣ ಹಾಕಿದೆ. ಇಜಿಆರ್ (ಹೊಗೆಯ ಒಂದು ಪಾಲನ್ನು ಇಂಜಿನ್‌ಗೆ ಮರಳಿಸುವ ವ್ಯವಸ್ಥೆ), ಡಿಪಿಎಫ್ ಕಡೆಯ ಕೋಡ್ ಹುಡುಕಿಸಿ.

ಇಷ್ಟೆಲ್ಲ ಆದ ಮೇಲೂ ಟರ್ಬೊ ಮೇಲೇ ಬಂದರೆ ಪೈಪ್ ಬಿಚ್ಚಿಸಿ, ಟರ್ಬೊ ಒಳಗೆ ತಿರುಗುವ ಶಾಫ್ಟ್ ಅಲ್ಲಾಡಿಸಿ ನೋಡಿ. ಪಕ್ಕಕ್ಕೆ ಚೂರು ಆಟ ಇದ್ದರೆ ಪರವಾಗಿಲ್ಲ. ಹಿಂದೆ ಮುಂದೆ ಆಡಿದರೆ, ಬ್ಲೇಡ್ ಗೋಡೆಗೆ ತಾಗಿ ಸವೆದಿದ್ದರೆ ಅದು ಮುಗಿದ ಹಾಗೆ. ಬದಲಿಸುವಾಗ ಟರ್ಬೊಗೆ ಆಯಿಲ್ ಕೊಡುವ ಪೈಪನ್ನೂ ಹೊಸದು ಹಾಕಿಸಿ. ಅದು ಕಟ್ಟಿಕೊಂಡಿದ್ದರೆ ಹೊಸ ಟರ್ಬೊವೂ ಬೇಗ ಹೋಗುತ್ತದೆ. ಇಂಟರ್‌ಕೂಲರ್ ಕಳಚಿ, ಹಳೇ ಟರ್ಬೊದಿಂದ ಸೋರಿ ಒಳಗೆ ನಿಂತ ಆಯಿಲ್ ಪೂರ್ತಿ ಬಸಿಸಲೇಬೇಕು. ಆ ಆಯಿಲ್ ಇಂಜಿನ್ ಒಳಗೆ ಹೋದರೆ ಡೀಸೆಲ್ ಇಂಜಿನ್ ಅದನ್ನೇ ಕುಡಿದು ರೇಸ್ ಏರಿಸಿಕೊಳ್ಳುತ್ತದೆ, ಕೀ ಆಫ್ ಮಾಡಿದರೂ ನಿಲ್ಲುವುದಿಲ್ಲ.