ಬಲ್ಲ ಹೆಸರಿನಡಿ ಅವಿತ ಖನಿಜಗಳು

ಹರಳು ಪರೀಕ್ಷೆಗೆಂದು ಬಂದವರು ಮೊದಲು ಕೇಳುವುದೇ ‘ಇದು ಅಪರೂಪದ್ದಾ?’ ಎಂದು. ಬಣ್ಣ ನೋಡಿ ನಾನು ಉತ್ತರ ಕೊಡುವುದಿಲ್ಲ. ಒಂದೇ ಬಣ್ಣದ ಖನಿಜಗಳು ಹತ್ತಾರಿವೆ. ಖನಿಜ ಯಾವುದೆಂದು ತೀರ್ಮಾನಿಸಲು ಎರಡು ಸಂಗತಿ ಗೊತ್ತಾಗಬೇಕು: ಅದರಲ್ಲಿ ಯಾವ ಧಾತು ಎಷ್ಟಿದೆ, ಆ ಪರಮಾಣುಗಳು ಹೇಗೆ ಜೋಡಣೆಗೊಂಡಿವೆ. ವಜ್ರವೂ ಇಂಗಾಲ, ಗ್ರಾಫೈಟೂ ಇಂಗಾಲ. ಜೋಡಣೆ ಬೇರೆಯಾದ್ದರಿಂದ ಖನಿಜವೂ ಬೇರೆ.

ಈ ಮಾತಿಗೆ ಟಾಫೈಟ್ ಎಂಬ ಖನಿಜಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. 1945ರಲ್ಲಿ ಡಬ್ಲಿನ್‌ನಲ್ಲಿ ರಿಚರ್ಡ್ ಟಾಫ್ ಎಂಬ ರತ್ನತಜ್ಞರು ಹಳೆಯ ಹರಳುಗಳನ್ನು ವಿಂಗಡಿಸುತ್ತಿದ್ದರು. ನಸು ನೇರಳೆಯ ಒಂದು ಹರಳು ಎಲ್ಲ ರೀತಿಯಲ್ಲೂ ಸ್ಪಿನೆಲ್ ಎಂಬ ರತ್ನದಂತೆಯೇ ಇತ್ತು. ಆದರೆ ಸೂಕ್ಷ್ಮದರ್ಶಕದಲ್ಲಿ ಅದರ ಹಿಂಬದಿಯ ಅಂಚುಗಳು ಜೋಡಿಯಾಗಿ ಕಂಡವು. ಸ್ಪಿನೆಲ್‌ನಲ್ಲಿ ಹಾಗಾಗುವಂತಿಲ್ಲ. ಅದರ ರಚನೆ ಎಲ್ಲ ದಿಕ್ಕಿನಲ್ಲೂ ಸಮ, ಬೆಳಕು ಸೀಳುವುದಿಲ್ಲ. ಟಾಫ್ ಆ ಅನುಮಾನವನ್ನು ಬದಿಗೊತ್ತದೆ ಹರಳನ್ನು ಲಂಡನ್ನಿನ ಪ್ರಯೋಗಾಲಯಕ್ಕೆ ಕಳಿಸಿದರು. ಅದರಲ್ಲಿ ಬೆರಿಲಿಯಂ ಮತ್ತು ಮೆಗ್ನೀಸಿಯಂ ಎರಡೂ ಮುಖ್ಯ ಘಟಕಗಳೆಂದು ತಿಳಿಯಿತು. ಅಂಥ ಖನಿಜ ಅದುವರೆಗೆ ಯಾರಿಗೂ ಸಿಕ್ಕಿರಲಿಲ್ಲ. ಗಣಿಯಲ್ಲಲ್ಲ, ಸಾಣೆ ಹಿಡಿದು ಮುಗಿಸಿದ ರತ್ನದಲ್ಲಿ ಹೊಸ ಖನಿಜ ಪತ್ತೆಯಾದದ್ದು ಅದೇ ಮೊದಲು.

ಕಲಾ ಮೀಮಾಂಸಕರೆಂದು ನಾವು ಓದುವ ಆನಂದ ಕುಮಾರಸ್ವಾಮಿಯವರು ಮೊದಲು ಭೂವಿಜ್ಞಾನಿ ಎಂಬುದು ಹಲವರಿಗೆ ತಿಳಿಯದು. ಶ್ರೀಲಂಕಾದ ಖನಿಜ ಸಮೀಕ್ಷೆಯ ಮುಖ್ಯಸ್ಥರಾಗಿದ್ದಾಗ ಅವರಿಗೆ ಸಿಕ್ಕ ಭಾರವಾದ ಕಪ್ಪು ಹರಳುಗಳನ್ನು ಮೊದಲು ಯುರೇನಿಯಂನ ಅದಿರಾದ ಯುರೇನಿನೈಟ್ ಎಂದೇ ಭಾವಿಸಲಾಗಿತ್ತು. 1904ರಲ್ಲಿ ವಿಶ್ಲೇಷಣೆ ನಡೆದಾಗ ಬಹುಪಾಲು ಥೋರಿಯಂ ಆಕ್ಸೈಡ್ ಎಂದು ಗೊತ್ತಾಯಿತು. ಹೆಸರು ಥೋರಿಯನೈಟ್ ಆಯಿತು.

ಮ್ಯಾನ್ಮಾರ್‌ನ ಪೇನೈಟ್ ಎಂಬ ಖನಿಜಕ್ಕೆ ಅದನ್ನು ಸಂಗ್ರಹಿಸಿದ ಆರ್ಥರ್ ಪೇನ್ ಅವರ ಹೆಸರು. 1957ರಲ್ಲಿ ಅದರ ವಿವರಣೆ ಪ್ರಕಟವಾದರೂ ಸಂಯೋಜನೆಯಲ್ಲಿದ್ದ ಜಿರ್ಕೋನಿಯಂ ಮೊದಲ ವಿಶ್ಲೇಷಣೆಯ ಕಣ್ಣು ತಪ್ಪಿಸಿತ್ತು. ಅದರಲ್ಲಿರುವ ಬೋರಾನ್ ಮತ್ತು ಜಿರ್ಕೋನಿಯಂ ನಿಸರ್ಗದಲ್ಲಿ ಒಂದೆಡೆ ಸೇರುವುದೇ ವಿರಳ. ದಶಕಗಳ ಕಾಲ ಬೆರಳೆಣಿಕೆಯ ಹರಳುಗಳಷ್ಟೇ ಗೊತ್ತಿದ್ದದ್ದು ಅದಕ್ಕೇ. ಮ್ಯಾನ್ಮಾರ್‌ನದೇ ಇನ್ನೊಂದು ಖನಿಜ ಕ್ಯಾವ್‌ಥೂಐಟ್‌ನ ಕಥೆಯೂ ಹೆಚ್ಚುಕಡಿಮೆ ಹೀಗೆಯೇ: ಬಿಸ್ಮತ್, ಆಂಟಿಮನಿ, ಆಕ್ಸಿಜನ್ ಬೇರೆ ಬೇರೆಯಾಗಿ ಅಷ್ಟೇನೂ ವಿರಳವಲ್ಲ, ಮೂರೂ ಆ ಅನುಪಾತದಲ್ಲಿ ಕೂಡಿರುವ ಹರಳಾಗಿ 2015ರಲ್ಲಿ ಮಾನ್ಯತೆ ಸಿಕ್ಕಿದ್ದು 1.61 ಕ್ಯಾರೆಟ್‌ನ ಒಂದೇ ಒಂದಕ್ಕೆ.

ಈಗ ಹೊಸ ಖನಿಜಕ್ಕೆ ಹೆಸರಿಡಲು ಅಂತರರಾಷ್ಟ್ರೀಯ ಖನಿಜವಿಜ್ಞಾನ ಸಂಘದ ಆಯೋಗದ ಒಪ್ಪಿಗೆ ಬೇಕು. ಸಂಯೋಜನೆ, ರಚನೆ ಎರಡನ್ನೂ ತೋರಿಸಬೇಕು. ಮಾದರಿಯನ್ನು ಸಂಗ್ರಹಾಲಯದಲ್ಲಿ ಇಡಬೇಕು. ಕಂಡುಹಿಡಿದವರು ತಮ್ಮದೇ ಹೆಸರಿಡುವಂತಿಲ್ಲ. ನಿಸರ್ಗದಲ್ಲೇ ಉಂಟಾದ ಮಾದರಿ ಬೇಕೆಂಬ ನಿಯಮ ಎಲ್ಲಕ್ಕಿಂತ ಬಿಗಿ, ನನ್ನ ಮಟ್ಟಿಗೆ ಅತ್ಯಂತ ಸರಿಯಾದದ್ದೂ ಹೌದು. ಬ್ರಿಡ್ಜ್‌ಮನೈಟ್ ಭೂಮಿಯ ಆಳದಲ್ಲಿ ಬೇರೆಲ್ಲ ಖನಿಜಗಳಿಗಿಂತ ಹೆಚ್ಚು ತುಂಬಿಕೊಂಡಿದೆ. ಪ್ರಯೋಗಾಲಯದಲ್ಲಿ ಅದನ್ನು ತಯಾರಿಸಿ ದಶಕಗಳಾಗಿದ್ದವು. ಆದರೂ ಹೆಸರಿರಲಿಲ್ಲ, ಏಕೆಂದರೆ 660 ಕಿಲೋಮೀಟರ್ ಕೆಳಗಿನಿಂದ ಅದನ್ನು ಯಾರೂ ತರಲಾರರು. ಒತ್ತಡ ಇಳಿದರೆ ರಚನೆ ಉಳಿಯುವುದು ಕಷ್ಟ. ಕೊನೆಗೆ 1879ರಲ್ಲಿ ಆಸ್ಟ್ರೇಲಿಯಾದಲ್ಲಿ ಬಿದ್ದ ಟೆನ್‌ಹ್ಯಾಮ್ ಉಲ್ಕಾಶಿಲೆಯಲ್ಲಿ, ಅಂತರಿಕ್ಷದ ಡಿಕ್ಕಿಯ ಒತ್ತಡದಿಂದ ಉಂಟಾದ ಅದರ ಸೂಕ್ಷ್ಮ ಕಣಗಳು ಸಿಕ್ಕವು. ಹೆಸರು ಬಂದದ್ದು 2014ರಲ್ಲಿ.