'ಶಿಟ್' ಬೈಗುಳವಾಗಿದ್ದು ಹೇಗೆ?

ಕೈಯಿಂದ ಮೊಬೈಲ್ ಜಾರಿದರೆ ಸಾಕು, ಬಾಯಲ್ಲಿ 'ಶಿಟ್' ಬಂದುಬಿಡುತ್ತದೆ. ಹಿರಿಯರು ಎದುರಿಗಿದ್ದರೂ ಅಳುಕಿಲ್ಲ. ಅದೇ ಜಾಗದಲ್ಲಿ 'ಹೇಲು' ಅನ್ನೋಕೆ ನಾಲಿಗೆ ಬರಲ್ಲ, ಅಲ್ವಾ?

ಈ ಪದದ ಬಗ್ಗೆ ಒಂದು ಕಥೆ ಬಹಳ ಓಡಾಡುತ್ತದೆ. ಹಿಂದೆ ಹಡಗುಗಳಲ್ಲಿ ಒಣಗಿದ ಗೊಬ್ಬರ ಸಾಗಿಸುತ್ತಿದ್ದರಂತೆ. ಅದಕ್ಕೆ ನೀರು ತಾಗಿದರೆ ಮೀಥೇನ್ ಹುಟ್ಟುತ್ತಿತ್ತಂತೆ. ಯಾರಾದರೂ ಲಾಟೀನು ಹಿಡಿದು ಕೆಳಗಿಳಿದರೆ ಹಡಗೇ ಸಿಡಿಯುತ್ತಿತ್ತಂತೆ. ಅದಕ್ಕೇ ಮೂಟೆಗಳ ಮೇಲೆ 'ಶಿಪ್ ಹೈ ಇನ್ ಟ್ರಾನ್ಸಿಟ್', ಅಂದರೆ 'ಸಾಗಿಸುವಾಗ ಎತ್ತರದಲ್ಲಿಡಿ' ಅಂತ ಬರೆದರು, ಮೊದಲಕ್ಷರಗಳು ಸೇರಿ ಶಿಟ್ ಆಯಿತು ಅನ್ನುತ್ತಾರೆ. ಇದು ಸುಳ್ಳು. ಹಾಗೆ ಮೊದಲಕ್ಷರ ಕೂಡಿಸಿ ಪದ ಕಟ್ಟುವುದು ಇಂಗ್ಲಿಷಿನಲ್ಲಿ ಜಾಸ್ತಿಯಾಗಿದ್ದೇ 20ನೇ ಶತಮಾನದಲ್ಲಿ. ಈ ಪದಕ್ಕೆ ಸಾವಿರ ವರ್ಷ ದಾಟಿದೆ. ಹಳೆಯ ಇಂಗ್ಲಿಷಿನಲ್ಲಿ ಭೇದಿಗೆ 'ಶಿಟ್ಟೆ' ಅನ್ನುತ್ತಿದ್ದರು. ಜರ್ಮನ್, ಡಚ್, ಸ್ವೀಡಿಷ್ ಭಾಷೆಗಳಲ್ಲೂ ಇದರ ಒಡಹುಟ್ಟಿದ ಪದಗಳಿವೆ.

ಇನ್ನೂ ಹಿಂದಕ್ಕೆ ಹೋದರೆ ಸಿಗುವ ಬೇರಿಗೆ 'ಕತ್ತರಿಸು, ಬೇರ್ಪಡಿಸು' ಅಂತ ಅರ್ಥ. ಮೈಯಿಂದ ಬೇರೆಯಾದದ್ದು, ಅಷ್ಟೇ. ಸಂಸ್ಕೃತದ 'ಛಿದ್' ಹುಟ್ಟಿದ್ದೂ ಅದೇ ಬೇರಿನಿಂದ. ನಾವು ದಿನವೂ ಬಳಸುವ ಛಿದ್ರ, ವಿಚ್ಛೇದನ ಇದರ ದೂರದ ನೆಂಟರು! ಇದನ್ನು ಮೊದಲು ತಿಳಿದಾಗ ನನಗೆ ರೋಮಾಂಚನವೇ ಆಯಿತು.

ಮೊದಮೊದಲು ಈ ಪದಕ್ಕೆ ಈಗಿನಷ್ಟು ನಾಚಿಕೆ ಅಂಟಿರಲಿಲ್ಲ. 14ನೇ ಶತಮಾನದ ಕೊನೆಯಲ್ಲಿ ಕವಿ ಚಾಸರ್, ಒಳ್ಳೆಯ ಪಾದ್ರಿಯೊಬ್ಬನ ಬಗ್ಗೆ ಬರೆಯುತ್ತಾ, ಕುರಿ ಶುಭ್ರವಾಗಿದ್ದು ಕುರುಬನೇ ಹೇಲು ಮೆತ್ತಿಕೊಂಡಿದ್ದರೆ ನಾಚಿಕೆಗೇಡು ಎನ್ನಲು ಇದೇ ಪದ ಬಳಸಿದ. ಲಂಡನ್ನಿನ ಈಗಿನ ಶೆರ್ಬೋರ್ನ್ ಲೇನ್‌ನ ಹಳೆಯ ಹೆಸರಲ್ಲೂ ಇದೇ ಪದವಿತ್ತು. ಆಗ ಜನ ಬೆಚ್ಚುತ್ತಿದ್ದುದು ದೇವರ ರಕ್ತ, ದೇವರ ಮೂಳೆ ಅಂತ ಆಣೆ ಹಾಕಿದರೆ.

1066ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಸ್ಥಾನಕ್ಕೆ ಫ್ರೆಂಚ್ ಬಂತು. ಚರ್ಚು, ವೈದ್ಯಕ್ಕೆ ಲ್ಯಾಟಿನ್ ಇದ್ದೇ ಇತ್ತು. ಬರಬರುತ್ತಾ ದೊಡ್ಡವರ ಭಾಷೆಯ ಪದ ಮರ್ಯಾದೆಯದ್ದಾಯಿತು, ರೈತರ ಬಾಯಿನ ಪದ ಒರಟಾಯಿತು. 1973ರಲ್ಲಿ ನ್ಯೂಯಾರ್ಕಿನ ರೇಡಿಯೊ ಒಂದು ಈ ಪದವೂ ಇದ್ದ ಹಾಸ್ಯ ಕಾರ್ಯಕ್ರಮ ಹಾಕಿದ್ದಕ್ಕೆ ವಿಷಯ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು.

ನಮ್ಮಲ್ಲೂ ಆಗಿದ್ದು ಇದೇ. ಲ್ಯಾಬಿನ ಚೀಟಿಯಲ್ಲಿ ಸಂಸ್ಕೃತದ ಮಲ ಬಂದು 'ಮಲ ಪರೀಕ್ಷೆ' ಅಂತಿರುತ್ತದೆ. ಅಚ್ಚಗನ್ನಡದ ಹೇಲು ಅಲ್ಲಿಗೆ ಕಾಲಿಡುವಂತಿಲ್ಲ. ನನಗಂತೂ ಇದು ಬೇಸರದ ಸಂಗತಿ. ಹಳ್ಳಿಯ ಅಜ್ಜಿಯರಿಗೆ ಈ ಮುಜುಗರವಿಲ್ಲ. 'ಕೂಸು ಹೇತ್ಕೊಂಡೈತೆ ನೋಡವ್ವ' ಅನ್ನುತ್ತಾ ತಾವೇ ಎದ್ದು ತೊಳೆಯಲು ನೀರು ತರುತ್ತಾರೆ.