ಅಭ್ರಕದ ಮಣ್ಣಿನ ಪ್ಯೂಬ್ಲೋ ಮಡಕೆಗಳು

ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಉತ್ತರ ಭಾಗದಲ್ಲಿರುವ ಟಾವೊಸ್, ಪಿಕುರಿಸ್, ನಾಂಬೆ ಮುಂತಾದ ಪ್ಯೂಬ್ಲೋ ಊರುಗಳ ಮೂಲನಿವಾಸಿಗಳೂ ಅವರ ನೆರೆಯ ಹಿಕರಿಯಾ ಅಪಾಚಿ ಜನರೂ ಅಭ್ರಕ, ಅಂದರೆ ಕಾಗೆಬಂಗಾರ, ತುಂಬಿದ ಮಣ್ಣಿನಿಂದ ಅಡುಗೆಯ ಮಡಕೆಗಳನ್ನು ಮಾಡುತ್ತಾ ಬಂದಿದ್ದಾರೆ. ಇವುಗಳ ಹೊಂಬಣ್ಣದ ಮಿನುಗು ಮೊದಲು ಕಣ್ಣಿಗೆ ಬೀಳುತ್ತದೆಯಾದರೂ, ಓದುವವರು ಗಮನಿಸಬೇಕಾದದ್ದು ಆ ಮಿನುಗುವ ಕಣಗಳು ಒಲೆಯ ಮೇಲೆ ಮಾಡುವ ಕೆಲಸವನ್ನು.

ಸಾಂಗ್ರೆ ದೆ ಕ್ರಿಸ್ಟೊ ಬೆಟ್ಟಸಾಲಿನ ಅಭ್ರಕಯುಕ್ತ ಶಿಲೆಗಳು ಶಿಥಿಲಗೊಂಡು ಈ ಮಣ್ಣು ಉಂಟಾಗಿದೆ. ಮಣ್ಣನ್ನು ಅಗೆಯುವ ಮೊದಲು ಮೆಕ್ಕೆಜೋಳದ ಹಿಟ್ಟನ್ನು ಅರ್ಪಿಸಿ ಪ್ರಾರ್ಥಿಸುವ ಪದ್ಧತಿಯಿದೆ. ಬೇರೆ ಜೇಡಿಮಣ್ಣಿಗೆ ಮರಳನ್ನೋ ಜ್ವಾಲಾಮುಖಿಯ ಬೂದಿಯನ್ನೋ ಹಳೆಯ ಮಡಕೆಯ ಪುಡಿಯನ್ನೋ ಬೆರೆಸದಿದ್ದರೆ ಅದು ಒಣಗುವಾಗಲೇ ಸೀಳಬಹುದು. ಇಲ್ಲಿ ಆ ಬೆರಕೆಯನ್ನು ಬೆಟ್ಟವೇ ಮಾಡಿಕೊಟ್ಟಿರುತ್ತದೆ. ಮಡಕೆಯ ಗೋಡೆಯನ್ನು ಒತ್ತಿ ಕೆರೆಯುವಾಗ ಅಭ್ರಕದ ಚಪ್ಪಟೆ ಹಕ್ಕಳೆಗಳು ಗೋಡೆಯ ಉದ್ದಕ್ಕೂ ಮಲಗಿಕೊಳ್ಳುತ್ತವೆ. ಮುಂದೆ ಉರಿಯ ತಾಪಕ್ಕೆ ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಹುಟ್ಟಿದರೂ, ಅದು ನೇರವಾಗಿ ಸಾಗಲಾರದೆ ಒಂದೊಂದು ಹಕ್ಕಳೆಯನ್ನೂ ಸುತ್ತಿಕೊಂಡು ಹೋಗಬೇಕಾಗಿ ಬಂದು, ಸ್ವಲ್ಪ ದೂರದಲ್ಲೇ ಬಲ ಕಳೆದುಕೊಳ್ಳುತ್ತದೆ. ಆದುದರಿಂದಲೇ ಈ ಮಡಕೆಯನ್ನು ಉರಿಯ ಮೇಲಿಟ್ಟು ಗಂಟೆಗಟ್ಟಲೆ ಹುರುಳಿಕಾಯಿ ಜಾತಿಯ ಒಣಕಾಳುಗಳನ್ನು ಬೇಯಿಸಬಹುದು.

ತಿಗರಿಯ ಬಳಕೆ ಇಲ್ಲ. ಬಟ್ಟಲಿನಂಥ ಆಧಾರದಲ್ಲಿ ತಳವನ್ನು ಕೂರಿಸಿ, ಮಣ್ಣಿನ ಸುರುಳಿಗಳನ್ನು ಒಂದರ ಮೇಲೊಂದು ಏರಿಸಿ, ಸೋರೆಬುರುಡೆಯ ಚೂರಿನಿಂದ ಕೆರೆದು ನಯಗೊಳಿಸುತ್ತಾರೆ. ಅನೇಕರು ಕೊನೆಗೆ ಅಭ್ರಕ ಹೆಚ್ಚಿರುವ ತೆಳು ಬಗ್ಗಡವನ್ನು ಸವರುತ್ತಾರೆ. ಆವಿಗೆಯಿಲ್ಲದೆ ಬಯಲಲ್ಲೇ ಸೌದೆ ಒಟ್ಟಿ ಸುಡುವುದರಿಂದ, ಉರಿಯುವ ಕಟ್ಟಿಗೆ ತಾಗಿದೆಡೆಯಲ್ಲಿ ಮೈಮೇಲೆ ಕಪ್ಪು ಮಚ್ಚೆಗಳು ಮೂಡುತ್ತವೆ. ಇವನ್ನು ದೋಷವೆಂದು ಎಣಿಸಬಾರದು. ಗಾಳಿಯಾಡದಂತೆ ಬೆಂಕಿಯನ್ನು ಮುಚ್ಚಿದರೆ ಇಡೀ ಮಡಕೆ ಕಪ್ಪಾಗುತ್ತದೆ.

ಸಾನ್ ಇಲ್ಡೆಫೊನ್ಸೊ ಎಂಬ ಇನ್ನೊಂದು ಪ್ಯೂಬ್ಲೋ ಊರಿನ ಕುಂಬಾರ್ತಿ ಮರಿಯಾ ಮಾರ್ಟಿನೆಜ್ ಅವರ ಕರಿ ಹೊಳಪಿನ ಚಿತ್ತಾರದ ಕುಡಿಕೆಗಳು ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲೇ ಕಲಾಸಂಗ್ರಾಹಕರ ಮನ ಗೆದ್ದವು. ಅವು ಒಲೆಗಲ್ಲ, ನೋಟಕ್ಕಾಗಿ ಮಾಡಿದವು. ಚಿತ್ತಾರವಿಲ್ಲದ ಅಭ್ರಕದ ಮಡಕೆ ಮಾತ್ರ ಬಹುಕಾಲ ಬರಿಯ ಅಡುಗೆ ಪಾತ್ರೆಯೆನಿಸಿಕೊಂಡಿತು. ಒಲೆಗೆ ಒದಗುವುದೇ ಕೊರತೆಯೆನಿಸಿದ ಈ ಅಳತೆಗೋಲು ನನಗೆ ವಿಚಿತ್ರವಾಗಿ ಕಾಣುತ್ತದೆ. 1990ರ ದಶಕದಲ್ಲಿ ಈ ಧೋರಣೆ ಬದಲಾಗತೊಡಗಿ, 2001ರ ಸಾಂಟಾ ಫೆ ಇಂಡಿಯನ್ ಮಾರ್ಕೆಟ್ ಎಂಬ ಮೂಲನಿವಾಸಿಗಳ ಕಲಾಮೇಳದಲ್ಲಿ ನಾಂಬೆಯ ಲಾನಿ ವಿಜಿಲ್ ಅವರು ಮಾಡಿದ ಅಭ್ರಕದ ಮಡಕೆಗೆ ಅತ್ಯುನ್ನತ ಪ್ರಶಸ್ತಿ ದೊರೆಯಿತು.